ಒಳಗಿಲ್ಲದ ಗುಡಿ

ಬಡವನಹಳ್ಳಿಯಿಂದ ಮಧುಗಿರಿಗೂ ಶಿರಾಕ್ಕೂ ಹೋಗಿಬರುವ ನಮ್ಮ ಕಡೆಯ ಗೃಹಸ್ಥರಿಗೆ ದೇವಾಲಯವೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನವರಂಗವನ್ನು ಹಾದು, ಗರ್ಭಗುಡಿಯ ಎದುರಿಗೆ ನಿಂತು, ಮಂಗಳಾರತಿಯ ಬೆಳಕಿನಲ್ಲಿ ಮೂರ್ತಿಯನ್ನು ಕಣ್ತುಂಬ ನೋಡುವುದೇ ದರ್ಶನ. ಪ್ರದಕ್ಷಿಣೆಯು ಆ ಬಳಿಕದ ಮಾತು. ಬಸ್ಸಿಗೆ ಹೊತ್ತಾಯಿತೆಂದರೆ ಅದನ್ನು ಬಿಟ್ಟು ಹೊರಡುವವರೂ ಉಂಟು. ಇಂತಹ ರೂಢಿಯವರಾದ ನಾವು ಬೌದ್ಧರ ಪುರಾತನ ಗುಡಿಯೊಂದನ್ನು ನೋಡಹೋದರೆ ಮೊದಲು ದಿಕ್ಕುಗಾಣದೆ ನಿಲ್ಲುವುದು ಸಹಜ. ಏಕೆಂದರೆ ಅಲ್ಲಿ ಹೋಗುವುದಕ್ಕೆ ಒಳಗೆಂಬುದೇ ಇಲ್ಲ.

ಅಶೋಕ ಚಕ್ರವರ್ತಿಯ ಹೆಸರು ನಮ್ಮ ಸೀಮೆಗೆ ದೂರದ್ದಲ್ಲ. ಪಾವಗಡದಿಂದ ವಾಯವ್ಯಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅವನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿಯೇ ಗುರುತಿಸಿದರು. ಆದರೆ ಬೌದ್ಧರು ಕಟ್ಟುತ್ತಿದ್ದ ಬಗೆಯನ್ನು ಕನ್ನಡ ನಾಡಿನಲ್ಲಿಯೇ ನೋಡಬೇಕೆಂಬವರು ಇನ್ನೂ ಉತ್ತರಕ್ಕೆ, ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬೇಕು. ಭೀಮಾನದಿಯ ಎಡದಂಡೆಯ ಮೇಲಿರುವ ಆ ಊರು ಚಂದ್ರಲಾಂಬೆಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಅದರ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಅಗೆದಾಗ, ಸಾತವಾಹನರ ಕಾಲದಲ್ಲಿ ಮೆರೆದಿದ್ದ ಮಹಾಸ್ತೂಪವೊಂದು ಮಣ್ಣಿನಿಂದ ಮೇಲೆದ್ದಿತು. ಅಲ್ಲಿಯ ಶಾಸನಗಳು ಇದನ್ನು ‘ಅಧೋಲೋಕ ಮಹಾಚೈತ್ಯ’ವೆಂದು ಕರೆದಿವೆ.

ನಾವು ಅಲ್ಲಿಗೆ ಹೋದಾಗ ನಮ್ಮೊಡನೆ ಬಂದಿದ್ದ ಚಿಕ್ಕಮ್ಮನವರು ಹೂವು ಕಾಯಿಗಳ ಚೀಲವನ್ನು ಹಿಡಿದುಕೊಂಡೇ ಸುತ್ತಲೂ ನೋಡಿ, “ಬಾಗಿಲೆಲ್ಲಪ್ಪಾ? ದೇವರೆಲ್ಲಿ?” ಎಂದು ಕೇಳಿದರು. ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡರೆ ಸ್ತೂಪದ ವಿನ್ಯಾಸವೆಲ್ಲವೂ ತಿಳಿದಂತೆಯೇ ಸರಿ.

ಬಾಗಿಲಿನ ಮಾತನ್ನು ಮೊದಲು ನೋಡೋಣ. ಸ್ತೂಪವೆಂಬುದು ಗಟ್ಟಿಯಾಗಿ ತುಂಬಿದ ಒಂದು ದಿಬ್ಬ. ಬುದ್ಧನ ಅಥವಾ ಹಿರಿಯ ಭಿಕ್ಷುಗಳ ಅವಶೇಷವನ್ನು ನಡುವೆ ಇರಿಸಿ, ಮೇಲೆ ಮುಚ್ಚಿ ಕಟ್ಟುವುದು ಅದರ ಮೂಲಕ್ರಮ. ಕೆಳಗೆ ಮೇಧಿಯೆಂಬ ದುಂಡನೆಯ ಪೀಠ; ಅದರ ಮೇಲೆ ಬೋರಲು ಹಾಕಿದ ಬಟ್ಟಲಿನಂತಹ ಅಂಡ; ಅಂಡದ ನೆತ್ತಿಯಲ್ಲಿ ಚೌಕನೆಯ ಹರ್ಮಿಕೆ; ಅದರ ನಡುವಿನಿಂದೆದ್ದ ಕೋಲಿಗೆ ಛತ್ರಗಳು. ರಾಜನಿಗೆ ಹಿಡಿಯುವ ಕೊಡೆಯನ್ನೇ ಇಲ್ಲಿ ಧರ್ಮರಾಜನಿಗೆ ಹಿಡಿದಿರುವುದೆಂದು ತಿಳಿಯಬೇಕು. ನಾಲ್ಕು ದಿಕ್ಕುಗಳಲ್ಲಿಯೂ ಮೇಧಿಯು ಜಗಲಿಯಂತೆ ಮುಂಚಾಚಿಕೊಂಡಿರುವುದುಂಟು. ಇದಕ್ಕೆ ಆಯಕವೆಂದು ಹೆಸರು. ಕೃಷ್ಣಾ ಕಣಿವೆಯ ಸ್ತೂಪಗಳಲ್ಲಿ ಇದರ ಮೇಲೆ ಐದೈದು ಕಂಬಗಳನ್ನು ನಿಲ್ಲಿಸುವುದು ವಾಡಿಕೆ. ಬುದ್ಧನ ಜನನ, ಮನೆಯನ್ನು ತೊರೆದುದು, ಬೋಧಿ, ಮೊದಲ ಉಪದೇಶ, ಪರಿನಿರ್ವಾಣ ಎಂಬ ಐದು ಘಟನೆಗಳನ್ನು ಆ ಕಂಬಗಳು ಸೂಚಿಸುವುವೆಂದು ವಿದ್ವಾಂಸರು ಹೇಳುತ್ತಾರೆ.

ಹೀಗಿರುವಾಗ ಒಳಹೊಗುವ ಬಾಗಿಲು ಎಲ್ಲಿಂದ ಬಂದೀತು? ಇಲ್ಲಿ ಪೂಜೆಯೆಂದರೆ ನಡಿಗೆಯೇ. ಪೀಠದ ಸುತ್ತಲಿನ ಪ್ರದಕ್ಷಿಣಾಪಥದಲ್ಲಿ ಬಲದ ಭುಜವನ್ನು ಸ್ತೂಪದ ಕಡೆಗೆ ಇಟ್ಟುಕೊಂಡು ನಡೆದರೆ, ಕಲ್ಲಿನ ಫಲಕಗಳು ಒಂದಾದಮೇಲೊಂದರಂತೆ ಕಣ್ಣಿನ ಮುಂದೆ ಸಾಗುವುವು. ನಮ್ಮ ಗುಡಿಯಲ್ಲಿ ದೇವರು ಒಂದೆಡೆ ಇದ್ದು ಭಕ್ತನು ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ಇಲ್ಲಿ ನಿಂತವನಿಗೆ ಕಾಣುವುದು ಒಂದು ತುಣುಕು ಮಾತ್ರ. ಸುತ್ತಿ ಬಂದವನಿಗೇ ಪೂರ್ಣ ದರ್ಶನ.

ಆ ಸೀಮೆಯ ಸುಣ್ಣಕಲ್ಲಿನಲ್ಲಿ ಕೆತ್ತಿದ ಈ ಫಲಕಗಳ ಅಂದವನ್ನು ಎಷ್ಟು ಹೇಳಿದರೂ ತೀರದು. ಜಾತಕ ಕಥೆಗಳುಂಟು, ಬುದ್ಧನ ಚರಿತ್ರೆಯುಂಟು, ಅರಸರುಂಟು. ಬಹು ಫಲಕಗಳ ಅಂಚಿನಲ್ಲಿ ಚಿತ್ರದಲ್ಲಿರುವವರು ಯಾರೆಂಬುದನ್ನು ಬ್ರಾಹ್ಮೀ ಲಿಪಿಯಲ್ಲಿ ಕೊರೆದಿರುವುದು ದೊಡ್ಡ ಉಪಕಾರ. ಒಬ್ಬ ಸಾತಕರ್ಣಿ ಅರಸನು ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಾನೆ. ಪುಳುಮಾವಿಯು ಉಜ್ಜಯಿನಿಯನ್ನು ಬಿಟ್ಟುಕೊಡುತ್ತಾನೆ. ಇನ್ನೊಂದರಲ್ಲಿ ರಾಣಿಯೊಡನೆ ನಿಂತ ರಾಜನಿಗೆ ಪರಿಚಾರಿಕೆಯರು ಛತ್ರಚಾಮರಗಳನ್ನು ಹಿಡಿದಿದ್ದಾರೆ. ಅಲ್ಲಿ ಬರೆದಿರುವುದು ‘ರಾಯೋ ಅಸೋಕೋ’ ಎಂದು. ಇದು ಅಶೋಕನು ಗತಿಸಿದ ಬಹುಕಾಲದ ಮೇಲೆ ಕಂಡರಿಸಿದುದಾದ ಕಾರಣ ಇದೇ ಅವನ ಮುಖವೆಂದು ನಂಬುವುದು ಸಲ್ಲದು. ಆದರೂ ಹೆಸರು ಬರೆದ ಅಶೋಕನೆದುರಿಗೆ ನಿಂತಾಗ ಮೈ ಜುಮ್ಮೆನ್ನದವರು ವಿರಳ. ಅರಸರ ಹೆಸರುಗಳಷ್ಟೇ ಇಲ್ಲಿವೆಯೆಂದು ಮಾತ್ರ ಎಣಿಸಬೇಡಿರಿ. ಭಿಕ್ಷುಗಳೂ ಭಿಕ್ಷುಣಿಯರೂ ಗೃಹಸ್ಥರೂ ಕೊಟ್ಟ ಕಲ್ಲುಗಳ ಮೇಲೆ ಅವರವರ ಹೆಸರುಗಳು ಉಳಿದುಬಂದಿವೆ. ಇಂತಹ ಕೊಡುಗೆಗಳು ಕೂಡಿಯೇ ಮಹಾಚೈತ್ಯವು ಮೈದುಂಬಿತು.

ಇನ್ನು ದೇವರೆಲ್ಲಿ ಎಂಬ ಪ್ರಶ್ನೆ. ಹಳೆಯ ಶಿಲ್ಪಿಗಳು ಬುದ್ಧನಿಗೆ ಮನುಷ್ಯರೂಪವನ್ನು ಕೊಡಲಿಲ್ಲ. ಬರಿದಾದ ಆಸನ, ಬೋಧಿವೃಕ್ಷ, ಧರ್ಮಚಕ್ರ, ಎರಡು ಪಾದಗಳ ಗುರುತು, ಇಷ್ಟರಿಂದಲೇ ‘ಅವನು ಇಲ್ಲಿದ್ದಾನೆ’ ಎಂದು ಸೂಚಿಸಿದರು. ಮುಂದೆ ಕಾಲ ಬದಲಾಗಿ ಬುದ್ಧನ ಪ್ರತಿಮೆಗಳೂ ಇಲ್ಲಿಯೇ ಸ್ಥಾಪಿತವಾದುವು. ಹೀಗೆ ಒಂದೇ ಸ್ಥಳದಲ್ಲಿ ಎರಡು ಬಗೆಯ ಭಕ್ತಿಯನ್ನೂ ಕಾಣಬಹುದು. ಚಿಕ್ಕಮ್ಮನವರಿಗೆ ಪಾದಗಳನ್ನು ತೋರಿಸಿದೆವು. “ನಮ್ಮಲ್ಲಿಯೂ ಗುರುಗಳ ಪಾದುಕೆ ಇಟ್ಟು ಪೂಜೆ ಮಾಡುವುದಿಲ್ಲವೇ?” ಎಂದು ಅವರು ಚೀಲದಿಂದ ಹೂವನ್ನು ತೆಗೆದರು. ಪುರಾತತ್ತ್ವ ಸ್ಮಾರಕದಲ್ಲಿ ಹೂವೇರಿಸಬಾರದೆಂದು ನಾವು ತಡೆಯಬೇಕಾಯಿತು. ಅವರು ಅದನ್ನು ಮುಡಿಗಿಟ್ಟುಕೊಂಡು, ಬಿಸಿಲನ್ನೂ ಲೆಕ್ಕಿಸದೆ ಮೂರು ಸುತ್ತು ಬಂದರು.

ಅಂಡವು ಎಂದೋ ಕುಸಿದುಹೋಗಿದೆ. ಉತ್ಖನನವಾದ ಮೇಲೆ ಬಹುವರ್ಷಗಳ ಕಾಲ ಫಲಕಗಳು ನೆಲದ ಮೇಲೆ ಮಲಗಿದ್ದುವು. ಅವುಗಳನ್ನು ಜೋಡಿಸಿ ನಿಲ್ಲಿಸುವ ಕೆಲಸವನ್ನು ಇಲಾಖೆಯವರು ಈಚೆಗೆ ಕೈಕೊಂಡುದು ಸಂತೋಷದ ವಿಷಯ. ತನ್ನ ಸ್ಥಾನದಿಂದ ತಪ್ಪಿದ ಫಲಕವು ಎಷ್ಟೇ ಸುಂದರವಾಗಿದ್ದರೂ ಹರಿದ ಪುಸ್ತಕದ ಬಿಡಿ ಹಾಳೆಯಂತೆಯೇ.

ಸನ್ನತಿಗೆ ಹೋದವರು ಅಲ್ಲಿಯ ಕಾಳಿಯ ಗುಡಿಯ ಕಥೆಯನ್ನು ಕೇಳದೆ ಬರಬಾರದು. 1986ರಲ್ಲಿ ಆ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಯಾರೋ ನಡುವೆ ರಂಧ್ರವನ್ನು ಕೊರೆದು ಕೆಲವು ಅಕ್ಷರಗಳನ್ನು ಅಳಿಸಿದ್ದರು. ಪೀಠವಾಗಿರದಿದ್ದರೆ ಉಳಿದ ಅಕ್ಷರಗಳಾದರೂ ನಮಗೆ ದಕ್ಕುತ್ತಿದ್ದುವೋ ಇಲ್ಲವೋ! ಆ ಕಲ್ಲಿನಲ್ಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯ ಶಿಲಾಶಾಸನ. ತನ್ನ ಮತವನ್ನು ಹೊಗಳಿಕೊಂಡು ಪರಮತವನ್ನು ಹಳಿಯಬಾರದೆಂಬುದು ಅದರ ತಾತ್ಪರ್ಯ.

ನಮ್ಮ ಕಡೆಯವರು ಹಿಂದೂಪುರದಲ್ಲಿ ರೈಲು ಹತ್ತಿ, ಗುಂತಕಲ್ಲು ರಾಯಚೂರುಗಳನ್ನು ಹಾದು, ಯಾದಗಿರಿಯಲ್ಲಾಗಲಿ ವಾಡಿಯಲ್ಲಾಗಲಿ ಇಳಿಯಬಹುದು. ನಾಲವಾರದಲ್ಲಿ ನಿಲ್ಲುವ ಗಾಡಿ ದೊರೆತರೆ ಇನ್ನೂ ಹತ್ತಿರ. ಬೇಸಗೆಯಲ್ಲಿ ಹೋಗಬೇಡಿರಿ, ಆ ಸೀಮೆಯ ಬಿಸಿಲು ಮಧುಗಿರಿಯ ಬಂಡೆಯ ಬಿಸಿಲನ್ನೂ ಮೀರಿಸುವಂತಹುದು. ಮಾಗಿಯ ದಿನಗಳಲ್ಲಿ, ಬೆಳಗಿನ ಓರೆ ಬಿಸಿಲು ಕೆತ್ತನೆಯ ಮೇಲೆ ಬೀಳುವ ಹೊತ್ತಿಗೆ ಅಲ್ಲಿರುವುದು ಲೇಸು. ಮಕ್ಕಳ ಕೈಯಲ್ಲಿ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟು, ಮೊದಲು ಪೂರ್ವದ ಆಯಕದ ಎದುರಿಗೆ ನಿಲ್ಲಿಸಿ, ಅಲ್ಲಿಂದ ಬಲಸುತ್ತಾಗಿ ಕರೆದುಕೊಂಡು ಹೊರಡಿರಿ.