ಕಪ್ಪು ಕೋಟ್‌ನ ಕೆಳಗೆ

ನಮ್ಮನೆ ಜೀಪು 1996ರದ್ದು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಗೊಬ್ಬರ, ಅಡಿಕೆ, ಕೆಲಸದವರು, ಅಮ್ಮನ ಆಸ್ಪತ್ರೆ ಓಡಾಟ ಎಲ್ಲಾ ಅದರಲ್ಲೇ. ಎರಡು ವರ್ಷದ ಹಿಂದೆ ಅಪ್ಪನಿಗೆ ಗಿಫ್ಟ್ ಅಂತ ನಾನೇ ಅದಕ್ಕೆ ಅಂಡರ್‌ಕೋಟಿಂಗ್ ಮಾಡಿಸಿದ್ದೆ. ಅಡಿಯಲ್ಲೆಲ್ಲ ದಪ್ಪಗೆ ಕಪ್ಪು ರಬ್ಬರ್ ಕೋಟ್, ಫಳಫಳ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕ್ಕೊಂಡಿದ್ದೆ.

ಖಾಸಗಿ ಗಾಡಿಗೆ 15 ವರ್ಷ ಆದ್ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಬೇಕಲ್ಲ, ಅದಕ್ಕೆ ಫೆಬ್ರವರಿಯಲ್ಲಿ ಊರಿಗೆ ಹೋದೆ. ಚಾಸಿ ನಂಬರ್‌ನ ಪೆನ್ಸಿಲ್ ಅಚ್ಚು ತೆಗೆಯೋಣ ಅಂತ ಆ ಕೋಟ್ ಕೆರೆದರೆ, ಹಲಸಿನ ಸಿಪ್ಪೆ ಹಾಗೆ ಎದ್ದು ಬಂತು. ಜೊತೆಗೆ ಪದರ ಪದರ ತುಕ್ಕು. ನಂಬರ್ ಹೇಗೋ ಉಳಿದಿತ್ತು. ಆದರೆ ವೆಲ್ಡಿಂಗ್ ಅಂಗಡಿಯ ಅಣ್ಣ ಸುತ್ತಿಗೆಯಲ್ಲಿ ಚಾಸಿ ಉದ್ದಕ್ಕೂ ತಟ್ಟುತ್ತಾ ಹೋದ್ರು. ಠಣ್, ಠಣ್, ಹಿಂದಿನ ಪ್ಲೇಟ್ ಕೂರೋ ಬ್ರಾಕೆಟ್ ಹತ್ತಿರ ಬಂದಾಗ ಥಪ್. ಸ್ಕ್ರೂಡ್ರೈವರ್ ಒತ್ತಿದ್ರೆ ಸೀದಾ ಒಳಗೆ.

"ಇನ್ನೊಂದು ಮಳೆಗಾಲ ಓಡ್ಸಿದ್ರೆ ಬ್ರಾಕೆಟ್ ಕಿತ್ತು ಬರ್ತಿತ್ತು" ಅಂದ್ರು.

ಅಪ್ಪ ಬಯ್ಯಲಿಲ್ಲ. "ನೀನು ಒಳ್ಳೇದಕ್ಕೇ ಮಾಡ್ಸಿದ್ದು ಮಾರಾಯ" ಅಂದ್ರು ಅಷ್ಟೇ. ಬಯ್ದಿದ್ರೇ ಚೆನ್ನಾಗಿತ್ತು.

ಆಗಿದ್ದಿಷ್ಟು. ತುಕ್ಕು ಕೆರೆಯದೇ ಮೇಲೆ ಕೋಟ್ ಹೊಡೆದಿದ್ರು. ಬಗ್ ಬಿಟ್ಟು ಸ್ಕ್ರೀನ್‌ಗೆ ಬಣ್ಣ ಬಳಿದ ಹಾಗೆ, ನಮ್ಮ ಆಫೀಸಲ್ಲೂ ನಡೆಯುತ್ತೆ. ಕೋಟ್ ಬಿರುಕಲ್ಲಿ ಒಳಗೆ ಹೋದ ನೀರು ಆರೋದಿಲ್ಲ. ಅದಕ್ಕಿಂತ ಕೆಟ್ಟದ್ದು, ಚಾಸಿಯ ಉದ್ದ ಪಟ್ಟಿಗಳು ಒಳಗೆ ಟೊಳ್ಳು, ನೀರು ಇಳಿಯೋಕೆ ಕೆಳಗೆ ತೂತುಗಳಿರುತ್ತವೆ. ಆ ತೂತುಗಳನ್ನೂ ಕೋಟ್ ಮುಚ್ಚಿತ್ತು. ಮಲೆನಾಡಿನ ನಾಲ್ಕು ತಿಂಗಳ ಮಳೆ, ಒಳಗೆ ಒದ್ದೆ ಕೆಮ್ಮಣ್ಣು. ಹೊರಗೆ ಹೊಳೀತಾ ಇದ್ದಾಗ ಒಳಗಿಂದ ತಿಂತಾ ಇತ್ತು.

ಬ್ಯಾಟರಿ ವೈರ್ ಕಳಚಿ, ಡೀಸೆಲ್ ಟ್ಯಾಂಕ್ ಇಳಿಸಿ, ಗಟ್ಟಿ ಕಬ್ಬಿಣ ಸಿಗೋವರೆಗೂ ಕೊಳೆತ ಭಾಗ ಕತ್ತರಿಸಿ ಚಾಸಿಯಷ್ಟೇ ದಪ್ಪದ ತಗಡು ವೆಲ್ಡ್ ಮಾಡಿದ್ರು. ಆಮೇಲಿನ ನಾಲ್ಕು ವೀಕೆಂಡ್ ನಂದು. ವೈರ್ ಬ್ರಷ್ ಹಿಡಿದು ಗಾಡಿ ಕೆಳಗೆ ಮಲಗಿದ್ದೇ ಮಲಗಿದ್ದು. ಉದುರೋ ತುಕ್ಕೆಲ್ಲ ತೆಗೆದ ಮೇಲೇ ರಸ್ಟ್ ಕನ್ವರ್ಟರ್, ಪದರದ ಮೇಲೆ ಹಚ್ಚಿದ್ರೆ ದಂಡ. ಆಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಮೇಲೆ ಚಾಸಿ ಪೇಂಟ್. ಟೊಳ್ಳಿನೊಳಗೆ ಉದ್ದ ಪೈಪಿಂದ ಕ್ಯಾವಿಟಿ ವ್ಯಾಕ್ಸ್, ಅದು ಕೊನೆಗೇ. ಮೊದಲೇ ಹೊಡೆದರೆ ವೆಲ್ಡಿಂಗ್ ಶಾಖಕ್ಕೆ ಸುಟ್ಟುಹೋಗುತ್ತೆ. ಮಳೆಗೆ ಮುಂಚೆ, ಒಣ ಬಿಸಿಲಿದ್ದಾಗಲೇ ಇದೆಲ್ಲ ಮುಗೀಬೇಕು.

"ಹಳೇ ಇಂಜಿನ್ ಆಯಿಲ್ ಬಳಿದ್ರೆ ಸಾಕಿತ್ತಲ್ವಾ?" ಅಂತ ಅಪ್ಪನ ವಾದ. ತುಕ್ಕು ಸ್ವಲ್ಪ ತಡೆಯುತ್ತೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್ ಹಾಳಾಗುತ್ತೆ, ತೊಟ್ಟಿಕ್ಕಿ ತೋಟದ ಮಣ್ಣಿಗೂ ಸೇರುತ್ತೆ.

ಸೆಕೆಂಡ್ ಹ್ಯಾಂಡ್ ಜೀಪು ನೋಡೋಕೆ ಹೊರಟಿದ್ದೀರಾ? ಅಡಿಯಲ್ಲಿ ಹೊಸ ಕಪ್ಪು ಹೊಳೀತಿದ್ರೆ ಖುಷಿಪಡಬೇಡಿ, ಸುತ್ತಿಗೆ ಕೇಳಿ.

ತೂತುಗಳಿಗೆ ವಾರಕ್ಕೊಮ್ಮೆ ಸೈಕಲ್ ಕಡ್ಡಿ ಚುಚ್ಚೋದು ಈಗ ಅಪ್ಪನ ಡ್ಯೂಟಿ. ಮೊನ್ನೆ ಮೊದಲ ಮಳೆ ಬಂದಾಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ರು, ತೂತಿಂದ ಕೆಂಪು ನೀರು ಇಳೀತಾ ಇದೆ. "ಇದು ಮಣ್ಣಾ, ತುಕ್ಕಾ?" ಅಂತ ಕೇಳಿದ್ದಾರೆ. ಫೋಟೋದಲ್ಲಿ ಗೊತ್ತಾಗ್ತಿಲ್ಲ. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡ್ಸಿದ್ದೀನಿ.