ನಿಧಿಗಳ್ಳರಿಗೆ ಹೆದರಿ ರಣರಂಗ ಬಿಟ್ಟುಕೊಡುವುದೇ?

ವಿಜಯನಗರದ ಬೆನ್ನು ಮುರಿದ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಎಲ್ಲಿ ಎಂದು ಕೇಳಿದರೆ ಇವತ್ತಿಗೂ ನಾವು ಮೂರು ನಾಲ್ಕು ಊರುಗಳ ಕಡೆ ಕೈ ತೋರಿಸುತ್ತೇವೆ. ಶಾಲೆಯ ಪುಸ್ತಕ ತಾಳಿಕೋಟೆ ಎನ್ನುತ್ತದೆ. ಆದರೆ ತಾಳಿಕೋಟೆ ಇರುವುದು ಡೋಣಿ ನದಿಯ ದಂಡೆಯ ಮೇಲೆ, ಕೃಷ್ಣೆಗೆ ಸಾಕಷ್ಟು ಉತ್ತರದಲ್ಲಿ. ವಿಜಯನಗರದ ಎದುರಾಳಿಗಳಾದ ದಖ್ಖನ್ನಿನ ಸುಲ್ತಾನರ ಪಡೆಗಳು ಅಲ್ಲಿ ಒಂದುಗೂಡಿದ್ದವು, ಅಷ್ಟೇ. ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ ಮತ್ತು ತಂಗಡಗಿ ಎಂಬುದು ಇನ್ನೊಂದು ವಾದ. ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ ಆ ಹೆಸರನ್ನು ರಂಗದ ಮೇಲೂ ತಂದಿತು. ಬನ್ನಿಹಟ್ಟಿ ಎನ್ನುವವರಿದ್ದಾರೆ. 1900ರಲ್ಲಿ ಪುಸ್ತಕ ಬರೆದ ರಾಬರ್ಟ್ ಸೀವೆಲ್, ಇಂಗಳಗಿಯ ಬಳಿ ಹೊಳೆ ದಾಟಿದ ಸೈನ್ಯ ಮುದಗಲ್ಲಿನ ದಾರಿಯಲ್ಲಿ ಕಾದಿತು ಎಂದ. ಅಂದರೆ ಹೊಳೆಯ ಈ ದಂಡೆಯೋ ಆ ದಂಡೆಯೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಈ ವ್ಯಾಜ್ಯ ಪುಸ್ತಕ ತಿರುವಿ ಬಗೆಹರಿಯುವಂಥದ್ದಲ್ಲ. ಇದ್ದ ಬಖೈರು, ತವಾರೀಖುಗಳನ್ನೆಲ್ಲ ನಮ್ಮ ವಿದ್ವಾಂಸರು ಜರಡಿ ಹಿಡಿದು ಆಗಿದೆ. ಉಳಿದಿರುವುದು ಮಣ್ಣು. ತರಬೇತಿ ಪಡೆದ ಸ್ವಯಂಸೇವಕರ ಕೈಗೆ ಮೆಟಲ್ ಡಿಟೆಕ್ಟರ್ ಕೊಟ್ಟು, ಪುರಾತತ್ವಜ್ಞರ ಕಣ್ಣೆದುರಲ್ಲಿ, ಈ ಊರುಗಳ ಹೊಲಗಳಲ್ಲಿ ಸಾಲುಸಾಲಾಗಿ ನಡೆಸಬೇಕು ಎಂಬುದು ನನ್ನ ವಾದ. ಈ ಮಾತೆತ್ತಿದರೆ ಸಾಕು, ‘ಬೇಡ’ ಎನ್ನಲು ಎಲ್ಲ ಕಡೆಯಿಂದಲೂ ಜನ ಎದ್ದು ನಿಲ್ಲುತ್ತಾರೆ.

ಮೊದಲು ಎದ್ದು ನಿಲ್ಲುವವರು ನಿಧಿಗಳ್ಳರ ಭಯ ತೋರಿಸುತ್ತಾರೆ. ಭಯ ಸುಳ್ಳಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ರಾತ್ರೋರಾತ್ರಿ ಕಿತ್ತು ಹಾಕಿದ್ದನ್ನು ಯಾರೂ ಮರೆತಿಲ್ಲ. ಹಾಳು ಗುಡಿಯ ಗರ್ಭಗುಡಿ ಅಗೆದ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ಆ ಕಳ್ಳರೆಲ್ಲ ಪುರಾತತ್ವ ಇಲಾಖೆಯ ಸಮೀಕ್ಷೆಗೆ ಕಾದು ಕುಳಿತವರೇ? ಡಿಟೆಕ್ಟರ್ ಇವತ್ತು ಆನ್‌ಲೈನ್‌ನಲ್ಲಿ ಸಿಗುತ್ತದೆ, ಮನೆ ಬಾಗಿಲಿಗೆ ಬರುತ್ತದೆ. ಕಳ್ಳನ ಕೈಯಲ್ಲಿ ಯಂತ್ರ ಆಗಲೇ ಇದೆ. ಇಲ್ಲದಿರುವುದು ಇತಿಹಾಸ ಓದಿದವರ ಕೈಯಲ್ಲಿ ಮಾತ್ರ. ಬಾಯಿ ಮುಚ್ಚಿಕೊಂಡು ಕೂತರೆ ಜಾಗ ಉಳಿಯುತ್ತದೆ ಎಂಬ ನಂಬಿಕೆಗೆ ನಾವು ಹಂಪಿಯ ಸುತ್ತಮುತ್ತಲೇ ಸಾಕಷ್ಟು ಬೆಲೆ ತೆತ್ತಿದ್ದೇವೆ.

ಇನ್ನು ಪುರಾತತ್ವಜ್ಞರ ತಕರಾರು. ಹವ್ಯಾಸಿಗಳು ಅಗೆದರೆ ಸಾಕ್ಷ್ಯ ಹಾಳಾಗುತ್ತದೆ ಎನ್ನುತ್ತಾರೆ. ಅರ್ಧ ಒಪ್ಪತಕ್ಕ ಮಾತು. ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹುಡುಕುವುದು ದೊಡ್ಡ ಹವ್ಯಾಸ, ದೊಡ್ಡ ಪಿಡುಗೂ ಹೌದು. 2015ರಲ್ಲಿ ಹೆರ್‌ಫರ್ಡ್‌ಷೈರ್‌ನ ಹೊಲವೊಂದರಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಾಣ್ಯ, ಒಡವೆಗಳ ಗಂಟು ಸಿಕ್ಕಿತು. ವರದಿ ಮಾಡದೆ ಮಾರಿಕೊಂಡರು. 2019ರಲ್ಲಿ ಜೈಲಿಗೆ ಹೋದರು, ಆದರೆ ನಾಣ್ಯಗಳಲ್ಲಿ ಬಹುಪಾಲು ಮರಳಲಿಲ್ಲ.

ಅದೇ ದೇಶದ ಬಾಸ್‌ವರ್ತ್ ನೋಡಿ. 1485ರಲ್ಲಿ ಮೂರನೇ ರಿಚರ್ಡ್ ಸತ್ತ ರಣರಂಗ. ಜಾಗ ಯಾವುದೆಂದು ಅಲ್ಲಿಯೂ ನಮ್ಮಂಥದೇ ಜಗಳ. ಆ್ಯಂಬಿಯನ್ ಗುಡ್ಡವೇ ಎಂದು ನಂಬಿ 1974ರಲ್ಲಿ ಅಲ್ಲಿ ಪ್ರವಾಸಿ ಕೇಂದ್ರ ತೆರೆದರು. 2005ರಲ್ಲಿ ಗ್ಲೆನ್ ಫೋರ್ಡ್ ಎಂಬ ಪುರಾತತ್ವಜ್ಞರ ಮುಂದಾಳತ್ವದಲ್ಲಿ ಡಿಟೆಕ್ಟರ್ ಹಿಡಿದವರು ಹೊಲಹೊಲ ನಡೆಯತೊಡಗಿದರು. ವರ್ಷಗಟ್ಟಲೆ ಕೈಗೆ ಏನೂ ಹತ್ತಲಿಲ್ಲ. 2009ರಲ್ಲಿ ಸೀಸದ ಗುಂಡು ಸಿಕ್ಕಿತು, ಆಮೇಲೆ ಮತ್ತೊಂದು. ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು. ಜೌಗು ನೆಲದ ಅಂಚಿನಲ್ಲಿ ರಿಚರ್ಡನ ಲಾಂಛನವಾದ ಕಾಡುಹಂದಿ, ಚಿನ್ನದ ನೀರು ಹಾಯಿಸಿದ ಪುಟ್ಟ ಬೆಳ್ಳಿಯ ಬಿಲ್ಲೆ, ಎದ್ದು ಬಂತು. ನಿಜವಾದ ರಣರಂಗ ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ಆಚೆಗಿತ್ತು. ಸ್ಮಾರಕ ಮೊದಲು, ಜಾಗ ಆಮೇಲೆ ಎಂದು ಹೊರಡುವ ನಮ್ಮ ಶಾಸಕರಿಗೆ ಯಾರಾದರೂ ಈ ಕತೆಯನ್ನು ಓದಿ ಹೇಳಬೇಕು.

ಈ ವಿಧಾನಕ್ಕೆ ಅಡಿಪಾಯ ಹಾಕಿದ್ದು ಅಮೆರಿಕದ ರಣರಂಗ ಲಿಟಲ್ ಬಿಗ್‌ಹಾರ್ನ್. 1983ರಲ್ಲಿ ಕಾಳ್ಗಿಚ್ಚು ಹುಲ್ಲನ್ನು ಸುಟ್ಟು ನೆಲ ಬಯಲು ಮಾಡಿತು. ಮರುವರ್ಷ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಸ್ವಯಂಸೇವಕರನ್ನು ಕರೆದುಕೊಂಡು ಇಳಿದರು. ಕೆಲಸವನ್ನು ಮೂರು ತಂಡಗಳಿಗೆ ಹಂಚಿದ್ದು ಅವರ ಜಾಣತನ. ಒಂದು ತಂಡ ಸದ್ದು ಬಂದಲ್ಲಿ ಬಾವುಟ ನೆಡಬೇಕು, ಅಗೆಯಕೂಡದು. ಇನ್ನೊಂದು ತಂಡ ಮಣ್ಣು ಬಿಡಿಸಬೇಕು, ವಸ್ತುವನ್ನು ಕದಲಿಸಕೂಡದು. ಮೂರನೆಯ ತಂಡ ಜಾಗ ಅಳೆದು, ಬರೆದುಕೊಂಡು, ಚೀಲಕ್ಕೆ ಹಾಕಿ ನಂಬರು ಕೊಡಬೇಕು. ಯಂತ್ರ ಹಿಡಿದವನ ಕೈಗೆ ವಸ್ತು ಹೋಗುವುದೇ ಇಲ್ಲ. ನಮ್ಮಲ್ಲಿ ಒಬ್ಬನೇ ಮೂರೂ ಕೆಲಸ ಮಾಡಿ, ಸಿಕ್ಕಿದ್ದನ್ನು ಜೇಬಿಗಿಳಿಸಿ, ಮೊಬೈಲಿನಲ್ಲಿ ಫೋಟೊ ಹಾಕುವ ‘ಇತಿಹಾಸಪ್ರೇಮಿ’ಗೆ ಈ ಶಿಸ್ತು ಒಗ್ಗುವುದಿಲ್ಲ. ಅಂಥವನನ್ನು ಮೊದಲ ದಿನವೇ ಮನೆಗೆ ಕಳಿಸಬೇಕು.

ಸಾಕ್ಷ್ಯನಾಶದ ಮಾತಿಗೆ ಉತ್ತರ ನಮ್ಮ ರೈತನ ರಂಟೆಯಲ್ಲೇ ಇದೆ. ನೇಗಿಲು ಮುಟ್ಟುವ ಮೇಲಿನ ಪದರ ನೂರಾರು ವರ್ಷಗಳಿಂದ ಮಗುಚಿದ ಮಣ್ಣು. ಅಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬುದಕ್ಕೆ ಈಗ ಅರ್ಥವಿಲ್ಲ. ಹೊಲದ ಯಾವ ಮೂಲೆಯಲ್ಲಿ ಎಷ್ಟು ಸಿಕ್ಕಿತು ಎಂಬುದಕ್ಕೆ ಮಾತ್ರ ಅರ್ಥವಿದೆ. ಆ ಪದರದ ಒಳಗಷ್ಟೇ ಕೈ ಹಾಕಬೇಕು. ಸದ್ದು ಅದಕ್ಕಿಂತ ಆಳದಿಂದ ಬಂದರೆ ಗುರುತು ಹಾಕಿಕೊಂಡು ಮುಂದೆ ನಡೆಯಬೇಕು. ಇನ್ನೊಂದು ಎಚ್ಚರ: ಹವ್ಯಾಸಿಗಳು ಮೊಳೆಯ ಕಾಟ ತಪ್ಪಿಸಲು ಯಂತ್ರದಲ್ಲಿ ಕಬ್ಬಿಣದ ಸದ್ದನ್ನು ಅಡಗಿಸುತ್ತಾರೆ. ಬಾಣದ ಮೊನೆ, ಕುದುರೆಯ ಲಾಳ, ಚಿಕ್ಕ ಫಿರಂಗಿಯ ಗುಂಡು ಎಲ್ಲವೂ ಕಬ್ಬಿಣ. ಇಲ್ಲಿ ಕಬ್ಬಿಣಕ್ಕೆ ಕಿವುಡಾದರೆ ಬಂದದ್ದೇ ವ್ಯರ್ಥ. ಹಾಗಾಗಿ ಟ್ರ್ಯಾಕ್ಟರಿನ ಬೋಲ್ಟು, ತಂತಿ ತುಂಡು, ಗುಟ್ಕಾ ಚೀಟಿಯ ಹಾಳೆ, ಸೋಡಾ ಮುಚ್ಚಳ ಇವನ್ನೆಲ್ಲ ಸಹನೆಯಿಂದ ಎತ್ತಲೇಬೇಕು. ದಿನದ ಕೊನೆಗೆ ಕಸದ ಚೀಲವೇ ಭಾರವಾಗಿರುತ್ತದೆ.

ಕಾಲವನ್ನೂ ಎರೆಭೂಮಿ ನಿಗದಿ ಮಾಡುತ್ತದೆ. ಮಳೆಗಾಲದಲ್ಲಿ ಕಾಲು ಕೀಳಲಾಗದು. ಕಡು ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಚಿಕ್ಕ ವಸ್ತುಗಳು ಬಿರುಕಿನೊಳಗೆ ಜಾರಿ ಕೆಳಗೆ ಹೋಗುತ್ತವೆ. ಬಾಸ್‌ವರ್ತ್‌ಗೆ ಇಲ್ಲದ ಈ ತೊಡಕು ನಮಗಿದೆ, ಇಲ್ಲಿನ ಲೆಕ್ಕ ಅಲ್ಲಿಯಷ್ಟು ಸಲೀಸಲ್ಲ. ಬಿಳಿಜೋಳ, ಕಡಲೆ ಕೊಯ್ದಾದ ಕೂಡಲೇ, ಮಣ್ಣಿನಲ್ಲಿ ಅಷ್ಟಿಷ್ಟು ಹಸಿ ಇರುವಾಗಲೇ ಇಳಿಯಬೇಕು.

ಹುಡುಕಬೇಕಾದ್ದು ಏನು? ಚರಿತ್ರೆಕಾರ ಫಿರಿಸ್ತಾ ಬರೆದದ್ದು ಯುದ್ಧವಾದ ಎಷ್ಟೋ ವರ್ಷಗಳ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು. ಅಹ್ಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಹನ ಆರು ನೂರು ತೋಪುಗಳು ಮೂರು ಸಾಲಿನಲ್ಲಿ ನಿಂತಿದ್ದವಂತೆ. ಎದುರಾಳಿ ತೀರ ಹತ್ತಿರ ಬಂದಾಗ ತೋಪಿನ ದಂಡನಾಯಕ ಚಲಬಿ ರೂಮಿ ಖಾನ್ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದನಂತೆ. ವಿಜಯನಗರದ ರಾಮರಾಯನ ಪಡೆ ಚದುರಿದ್ದು ಅಲ್ಲಿಂದಲೇ ಎನ್ನುತ್ತಾನೆ. ನಾಲ್ಕು ಶತಮಾನದಿಂದ ಎಲ್ಲರೂ ಇದನ್ನು ಪುನಃ ಪುನಃ ಬರೆದಿದ್ದಾರೆ. ಯಾರೂ ಪರೀಕ್ಷಿಸಿಲ್ಲ. ಪರೀಕ್ಷಿಸಲು ಬಾರದ ಮಾತೇನೂ ಅಲ್ಲ: ತೋಪಿನ ಬಾಯಿಂದ ಹಾರಿದ ನಾಣ್ಯ ಬಾಗಿರುತ್ತದೆ, ಜಜ್ಜಿರುತ್ತದೆ, ಒಂದೇ ದಿಕ್ಕಿಗೆ ಬೀಸಣಿಗೆಯಂತೆ ಹರಡಿರುತ್ತದೆ. ಸಂತೆಗೆ ಹೋದವನ ಕಿಸೆಯಿಂದ ಬಿದ್ದ ಕಾಸು ಹಾಗಿರುವುದಿಲ್ಲ. ಬಾಗಿದ ತಾಮ್ರದ ಕಾಸುಗಳು ಸೀಸದ ಗುಂಡುಗಳ ಜೊತೆ ಒಂದೇ ಪಟ್ಟಿಯಲ್ಲಿ ಸಿಕ್ಕರೆ ಊರಿನ ಹೆಸರಿನ ಜಗಳ ಅಲ್ಲಿಗೆ ಮುಗಿದಂತೆಯೇ.

ಯಾರು ದ್ರೋಹ ಬಗೆದರು ಎಂಬ ಜಗಳ ಮುಗಿಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ಪ್ರವಾಸಿ ಸೀಸರ್ ಫ್ರೆಡರಿಕ್, ಇಬ್ಬರು ಮುಸ್ಲಿಂ ಸೇನಾನಿಗಳು ಪಕ್ಷ ಬದಲಿಸಿದರು ಎಂದು ಬರೆದ. ಈಗ ಎರಡು ಪಾಳೆಯಗಳು ಅದನ್ನೇ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ದಿನವೂ ಕಾದುತ್ತಿವೆ. ಸೀಸದ ಗುಂಡಿನಿಂದ ದ್ರೋಹ ಸಾಬೀತಾಗದು, ನಿಷ್ಠೆಯೂ ಆಗದು. ಸಮೀಕ್ಷೆಯಿಂದ ತಮ್ಮ ಪಕ್ಷಕ್ಕೆ ಪುರಾವೆ ಸಿಗುತ್ತದೆಂದು ಬರುವವರನ್ನು ಸ್ವಯಂಸೇವಕರ ಪಟ್ಟಿಗೇ ಸೇರಿಸಬಾರದು.

ನನಗೆ ಗೌರವವಿರುವ ಆಕ್ಷೇಪ ಒಂದೇ, ಅದು ರೈತರದು. ‘ಪುರಾತತ್ವದವರು ಕಾಲಿಟ್ಟರೆ ಹೊಲ ಹೋಯಿತು’ ಎಂಬ ಮಾತಿಗೆ ಕಾರಣವಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಎಂಬ 2010ರ ತಿದ್ದುಪಡಿ ಎಷ್ಟೋ ಊರುಗಳ ಮನೆ ಕಟ್ಟುವ ಕೆಲಸವನ್ನು ನಿಲ್ಲಿಸಿದೆ. ಜಲಾಶಯಗಳಿಗೆ ಭೂಮಿ ಕೊಟ್ಟು ಬೇಸತ್ತ ಕೃಷ್ಣಾ ತೀರದ ಜನಕ್ಕೆ ಇನ್ನೊಂದು ಸರ್ಕಾರಿ ಫಲಕ ಬೇಡ. ಸಮೀಕ್ಷೆಯ ಕಾರಣಕ್ಕೆ ಜಮೀನನ್ನು ಸಂರಕ್ಷಿತ ಎಂದು ಘೋಷಿಸುವುದಿಲ್ಲ, ಸಿಕ್ಕ ವಸ್ತುವಿಗೆ ಕಾಯ್ದೆಯಂತೆ ಸಲ್ಲಬೇಕಾದ್ದು ಸಲ್ಲುತ್ತದೆ ಎಂದು ಜಿಲ್ಲಾಡಳಿತ ಮೊದಲೇ ಬರೆದುಕೊಡಬೇಕು. ಬರವಣಿಗೆಯಲ್ಲಿ ಕೊಡದಿದ್ದರೆ ರೈತ ಬದುವಿನ ಮೇಲೆ ನಿಂತು ‘ಬರಬ್ಯಾಡ್ರಿ’ ಎಂದದ್ದೇ ಸರಿ.

ತಡ ಮಾಡಿದಷ್ಟೂ ನಷ್ಟ. ಜೆಸಿಬಿ ಬಂದ ಮೇಲೆ ಹೊಲ ಸಮ ಮಾಡುವುದು ಅರ್ಧ ದಿನದ ಕೆಲಸ. ಹಿಟಾಚಿ ಒಮ್ಮೆ ಮಣ್ಣು ಎಳೆದರೆ ನಾಲ್ಕು ಶತಮಾನದ ಹರಹು ಅಲ್ಲಿಗೆ ಕಲಸಿತು. ಬಾಸ್‌ವರ್ತ್‌ನ ಒಂದು ಅಂಚಿನಲ್ಲಿ ಚಾಲಕನಿಲ್ಲದ ಕಾರುಗಳ ಪರೀಕ್ಷಾ ರಸ್ತೆಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಜಾಗ ಗೊತ್ತಿದ್ದುದರಿಂದ ಅಲ್ಲಿ ವಿರೋಧಿಸುವುದಕ್ಕಾದರೂ ಜನರಿದ್ದರು. ನಮ್ಮಲ್ಲಿ ಕಾಲುವೆಯೋ ಸೋಲಾರ್ ಪಾರ್ಕೋ ರಣರಂಗದ ನಡುವೆ ಹಾದುಹೋದರೆ ಹೋಯಿತು ಎಂದು ಹೇಳುವವರೂ ಇರುವುದಿಲ್ಲ.

ಹಣ ದೊಡ್ಡ ಮಾತಲ್ಲ. ಮುದ್ದೇಬಿಹಾಳ, ತಾಳಿಕೋಟೆ, ಲಿಂಗಸುಗೂರಿನ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಶಿಬಿರಗಳು ಹೇಗಿದ್ದರೂ ನಡೆಯುತ್ತವೆ. ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ಬದಲು ಆ ಹುಡುಗ ಹುಡುಗಿಯರು ಒಂದು ವಾರ ಸಾಲು ಹಿಡಿದು ನಡೆಯಲಿ. ರಾಜ್ಯ ಪುರಾತತ್ವ ಇಲಾಖೆ ಅನುಮತಿಯ ಜೊತೆ ಒಬ್ಬ ಅಧಿಕಾರಿಯನ್ನು ಪೂರ್ಣಾವಧಿಗೆ ಹೊಲದಲ್ಲಿ ನಿಲ್ಲಿಸಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ದಾಖಲಾತಿಯ ಹೊಣೆ ಹೊರಲಿ. ಮೊದಲ ವರ್ಷ ತಂಗಡಗಿಯ ಕಡೆ ಒಂದು ಪಟ್ಟಿ, ಮುದಗಲ್ಲಿನ ದಾರಿಯಲ್ಲಿ ಒಂದು ಪಟ್ಟಿ ಸಾಕು. ಏನೂ ಸಿಗದಿದ್ದರೆ ಅದನ್ನೂ ಅಚ್ಚು ಹಾಕಿ ಪ್ರಕಟಿಸಲಿ. ಬರುವ ಹಿಂಗಾರು ಕೊಯ್ಲಿನೊಳಗೆ ಆ ಅನುಮತಿ ಪತ್ರಕ್ಕೆ ಸಹಿ ಬೀಳಬೇಕು.