ಆಕರ ಹುಡುಕುವ ಕ್ರಮ

ಅಂತರ್ಜಾಲದಲ್ಲಿ ವಿದ್ವತ್ ಆಕರಗಳ ಹುಡುಕಾಟ ಫಲಿಸುವುದು ಮುಖ್ಯವಾಗಿ ಪದಗಳ ಆಯ್ಕೆಯಿಂದ. ಒಂದೇ ವಿಷಯ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೆಸರಿನಿಂದ ದಾಖಲಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಶ್ರೀರಂಗಪಟ್ಟಣ ‘ಸೆರಿಂಗಪಟಂ’, ಕೊಡಗು ‘ಕೂರ್ಗ್’, ಕನ್ನಡ ‘ಕೆನರೀಸ್’. 1872ರಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಜೆ. ಎಫ್. ಫ್ಲೀಟ್ ಪ್ರಕಟಿಸಿದ ಶಾಸನಗಳ ಲೇಖನಮಾಲೆಯ ಶೀರ್ಷಿಕೆಯಲ್ಲಿರುವುದು ‘ಓಲ್ಡ್ ಕೆನರೀಸ್’ ಎಂದೇ. ‘ಕನ್ನಡ’ ಎಂದಷ್ಟೇ ಹುಡುಕುವವರಿಗೆ ಅದು ತಪ್ಪಿಹೋಗಬಹುದು. ಹಾಗಾಗಿ ವಿಷಯದ ಹಳೆಯ, ಹೊಸ ಹೆಸರುಗಳನ್ನೂ ಕಾಗುಣಿತ ಭೇದಗಳನ್ನೂ ಮೊದಲೇ ಪಟ್ಟಿ ಮಾಡಿಕೊಳ್ಳಬೇಕು.

ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಅದೇ ಅನುಕ್ರಮದಲ್ಲಿ ಆ ಪದಗಳಿರುವ ಬರಹಗಳು ಮುಂದೆ ಬರುತ್ತವೆ. ಬೇಡದ ಪದದ ಹಿಂದೆ ಅಂತರವಿಲ್ಲದೆ ಋಣ ಚಿಹ್ನೆ ಹಾಕಿದರೆ ಅದಿರುವ ಫಲಿತಾಂಶಗಳು ಬಿಟ್ಟುಹೋಗುತ್ತವೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್‌ನಲ್ಲಿ ಲೇಖಕರ ಹೆಸರು ಮತ್ತು ವರ್ಷದಿಂದಲೂ ಹುಡುಕಾಟವನ್ನು ಕಿರಿದಾಗಿಸಬಹುದು. ಫಲಿತಾಂಶದಲ್ಲಿ ಲೇಖನದ ಕೆಳಗೆ ಕಾಣುವ ‘ಸೈಟೆಡ್ ಬೈ’ ಕೊಂಡಿ ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುತ್ತದೆ. ಲೇಖನದ ಕೊನೆಯ ಗ್ರಂಥಋಣ ಅದಕ್ಕೂ ಹಿಂದಿನ ಆಕರಗಳ ದಾರಿ ತೋರುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಹೀಗೆ ಎರಡೂ ದಿಕ್ಕಿನಲ್ಲಿ ಸಾಗಬಹುದು. ಲೇಖನಕ್ಕೆ ಹಣ ಕೇಳಿದಾಗ ‘ಆಲ್ ವರ್ಷನ್ಸ್’ ಕೊಂಡಿಯನ್ನು ನೋಡಬೇಕು. ಲೇಖಕರೇ ಬೇರೆಡೆ ಇರಿಸಿದ ಉಚಿತ ಪ್ರತಿ ಅಲ್ಲಿ ಸಿಗುವುದುಂಟು.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಭಾರತದ ಪಿಎಚ್.ಡಿ. ಪ್ರಬಂಧಗಳ ಮುಕ್ತ ಭಂಡಾರ. ಅಲ್ಲಿ ಕನ್ನಡ ಪ್ರಬಂಧಗಳನ್ನು ಅರಸುವವರು ಒಂದು ತೊಡಕನ್ನು ಗಮನದಲ್ಲಿಡಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧದೊಳಗಿನ ಪದಗಳು ಕನ್ನಡ ಹುಡುಕಾಟಕ್ಕೆ ಸಿಗುವುದಿಲ್ಲ. ಚಿತ್ರರೂಪದಲ್ಲಿ ಸ್ಕ್ಯಾನ್ ಆದ ಪುಸ್ತಕಗಳದ್ದೂ ಇದೇ ಪಾಡು. ಅಂಥಲ್ಲಿ ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರ ಹೆಸರು ಹಿಡಿದು ಪಟ್ಟಿಯನ್ನೇ ನೋಡುತ್ತ ಹೋಗಬೇಕು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ಎಷ್ಟೋ ಕಡೆ ರೋಮನ್ ಲಿಪಿಯಲ್ಲಿ, ಒಂದೊಂದು ಒಂದೊಂದು ಕಾಗುಣಿತದಲ್ಲಿವೆ. ಅವುಗಳನ್ನು ಎರಡೂ ಲಿಪಿಗಳಲ್ಲಿ ಹುಡುಕುವುದು ಅಗತ್ಯ.

ಸಿಕ್ಕಿದ್ದೆಲ್ಲ ಆಕರವಾಗುವುದಿಲ್ಲ. ಲೇಖಕರು ಯಾರು, ತಜ್ಞರ ಪರಿಶೀಲನೆಗೆ ಒಳಗಾದ ಪತ್ರಿಕೆಯೇ, ಯಾವ ವರ್ಷದ ಯಾವ ಆವೃತ್ತಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮತ್ತೊಬ್ಬರು ಉಲ್ಲೇಖಿಸಿದ ಮಾತನ್ನು ಮೂಲದಲ್ಲಿ ಓದಿಯೇ ಬಳಸಬೇಕು. ಸಂಪುಟ, ವರ್ಷ, ಪುಟಸಂಖ್ಯೆಗಳನ್ನು ಆಗಲೇ ಬರೆದಿಟ್ಟುಕೊಂಡರೆ ಮುಂದಿನ ಓದುಗರೂ ಅದೇ ಆಕರವನ್ನು ತಲುಪಿ ಪರೀಕ್ಷಿಸಬಲ್ಲರು.